ಕಣ್ಣು ಕಾಣದವರಿಗೆ ಮನೆಯಿಂದ ಓಟ್ ಹಾಕಿದ್ರೆ ಗುಟ್ಟಾಗಿರುತ್ತಾ?

ಇರಲ್ಲ. ನನಗೆ ಕಣ್ಣು ಕಾಣಲ್ಲ, ಬೂತಿಗೆ ನಮ್ಮಣ್ಣನ್ನ ಕರ್ಕೊಂಡು ಹೋದ್ರೆ ಯಾರಿಗೆ ಹಾಕ್ದೆ ಅಂತ ಅವರಿಗೆ ಗೊತ್ತಾಗುತ್ತೆ, ಅದಕ್ಕೆ 12ಡಿ ಫಾರಂ ಕೊಟ್ಟು ಮನೇಲೇ ಹಾಕ್ಲಾ ಅಂತ ಕೇಳಿದೀರಲ್ಲ, 2023ರಲ್ಲಿ ನಾನೂ ಥೇಟ್ ಇದೇ ಲೆಕ್ಕ ಹಾಕಿದ್ದು.

ನನಗೆ ಹುಟ್ಟಿನಿಂದ್ಲೂ ದೃಷ್ಟಿ ಇಲ್ಲ, ತರೀಕೆರೆ ಕಡೆ ಹಳ್ಳಿ. ನಮ್ಮಣ್ಣ ಒಂದು ಪಕ್ಷದವನು, ಬರೀ ಓಟ್ ಹಾಕೋನಲ್ಲ, ಬಾವುಟ ಕಟ್ಟೋನು. ಅಲ್ಲಿತನಕ ಎಲ್ಲಾ ಎಲೆಕ್ಷನ್ನಿಗೂ ಅವನೇ ಜೊತೇಲಿ ಬಂದು ಬಟನ್ ಒತ್ತುತಿದ್ದ, ನಾನು ಹೆಸರು ಹೇಳ್ತಿದ್ದೆ, ಅವನು ಒತ್ತಿದ್ದು ಯಾರಿಗೋ ದೇವರಿಗೇ ಗೊತ್ತು. 2023ರ ಅಸೆಂಬ್ಲಿ ಎಲೆಕ್ಷನ್ನಿಗೆ ಕರ್ನಾಟಕದಲ್ಲಿ ಮನೆಯಿಂದ ಮತದಾನ ಮೊದಲ ಸಲ ಬಂತು, 80 ದಾಟಿದವರಿಗೆ ಮತ್ತೆ 40% ಇಲ್ಲಾ ಅದಕ್ಕಿಂತ ಜಾಸ್ತಿ ಅಂಗವೈಕಲ್ಯ ಇರೋರಿಗೆ (ಆಮೇಲೆ ಲೋಕಸಭೆಗೆ ವಯಸ್ಸನ್ನ 85 ಮಾಡಿದ್ರು). ಬಿಎಲ್‌ಓ (ಬೂತಿನ ಓಟರ್ ಲಿಸ್ಟ್ ನೋಡ್ಕೊಳ್ಳೋರು) ಮನೆಗೆ ಬಂದು ಫಾರಂ ಬೇಕಾ ಅಂದ್ರು, ಅಣ್ಣನ ಕಾಟ ತಪ್ತು ಅಂತ ಖುಷಿಯಿಂದ ಹೆಬ್ಬೆಟ್ಟು ಒತ್ತಿದೆ.

ಎಡವಿದ್ದು ಅಲ್ಲೇ. ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದನ್ನ ಯಾರೂ ಹೇಳಲ್ಲ. ನನ್ನ ತಲೇಲಿ ಏನಿತ್ತು ಅಂದ್ರೆ ಮನೆಯಿಂದ ಮತದಾನ ಅಂದ್ರೆ ಬೂತೇ ಮನೆಗೆ ಬರುತ್ತೆ, ಮಷಿನ್ ತರ್ತಾರೆ ಅಂತ. ತರಲ್ಲ. 12ಡಿ ಅನ್ನೋದು ಪೋಸ್ಟಲ್ ಬ್ಯಾಲೆಟ್ಟಿಗೆ ಹಾಕೋ ಅರ್ಜಿ, ಬರೋದು ಕಾಗದ, ಪೆನ್ನು, ಒಂದರೊಳಗೊಂದು ಹಾಕೋ ಕವರು. ಬ್ರೈಲ್, ಅಂದ್ರೆ ನಾವು ಬೆರಳಲ್ಲಿ ಮುಟ್ಟಿ ಓದೋ ಚುಕ್ಕೆ ಲಿಪಿ, ಇರೋದು ಮಷಿನ್ ಮೇಲೆ. ಅಂದ್ರೆ ನಾನೇ ಕೈಯಾರೆ ನನಗೆ ಓದೋಕೆ ಬರೋದನ್ನ ಬಿಟ್ಟು ಬರದೇ ಇರೋದನ್ನ ಕೇಳಿ ತಗೊಂಡಿದ್ದೆ. ಇನ್ನೂ ಒಂದಿದೆ, ಆ ಅರ್ಜಿ ಪಾಸಾದ್ರೆ ಓಟರ್ ಲಿಸ್ಟಲ್ಲಿ ನಿಮ್ಮ ಹೆಸರಿನ ಮುಂದೆ ಪಿಬಿ (ಪೋಸ್ಟಲ್ ಬ್ಯಾಲೆಟ್) ಅಂತ ಹಾಕ್ತಾರೆ, ಆಮೇಲೆ ಮನಸ್ಸು ಬದಲಾಯ್ಸಿ ಬೂತಿಗೆ ಹೋದ್ರೆ ಓಟಿಲ್ಲ.

ಟೀಮ್ ಬಂತು, ಅಧಿಕಾರಿಗಳು, ಪೊಲೀಸು, ವಿಡಿಯೋ ತೆಗೆಯೋನು, ಹಿಂದೆ ಅರ್ಧ ಬೀದಿ. ಕೈಗೆ ಒಂದು ಕಾಗದ ಕೊಟ್ರು, ಮೇಲಿಂದ ಕೆಳಗೆ ಸವರಿದೆ, ನುಣ್ಣಗಿದೆ, ಒಂದು ಚುಕ್ಕೆ ಇಲ್ಲ. 'ದೊಡ್ಡೋರು ಯಾರನ್ನಾದ್ರೂ ಸಹಾಯಕ್ಕೆ ಕರೀರಿ' ಅಂದ್ರು. ಆ ಹೊತ್ತಲ್ಲಿ ಮನೇಲಿ ಯಾರಿದ್ರು ಹೇಳಿ? ಅಣ್ಣ. ಕ್ಯಾಮೆರಾದೋನು ಹೊರಗೇ ನಿಂತ, ಆ ಮರ್ಯಾದೆ ಇಟ್ಕೊಂಡ್ರು, ಆದ್ರೆ ಅಣ್ಣ ಮಾತ್ರ ಒಳಗೇ. ಕಾಗದದ ತುದಿ ನಾನು ಹಿಡ್ಕೊಂಡಿದ್ದೆ, ಪೆನ್ ಒತ್ತಿದ್ದು ಮೇಲಿನ ಕಡೆ ಅನ್ನಿಸ್ತು, ನಾನು ಹೇಳಿದ ಕ್ಯಾಂಡಿಡೇಟು ಯಾವ ಸಾಲಲ್ಲಿದ್ನೋ ನನಗೇನು ಗೊತ್ತು. ಮಡಚಿ ಕವರಿಗೆ ಹಾಕಿ ಅಂಟಿಸಿ ಆಯ್ತು. ಮೇ 10ಕ್ಕೆ, ಬೂತಲ್ಲಿ ಓಟಿನ ದಿನ, ಅಂಧರ ಶಾಲೇಲಿ ಜೊತೇಲಿ ಓದಿದ ಗೆಳೆಯ ಫೋನ್ ಮಾಡಿ 'ಲೇ, ಇವತ್ತು ನಾನೇ ಒತ್ತಿ ಬಂದೆ ಕಣೋ' ಅಂದಾಗ ಹೊಟ್ಟೆ ಉರೀತು.

ಹಂಗಾಗಿ ನಿಮ್ಮ ಪ್ರಶ್ನೇನೇ ಸರಿಯಿಲ್ಲ ಅಂತೀನಿ. ಅಣ್ಣನಾ ಮನೆನಾ ಅಂತ ಕೇಳ್ತಿದೀರ, ಎರಡೂ ಬೇಡ, ನೀವೇ ಹೋಗಿ ಒತ್ತಿ. ಹಾಸಿಗೆ ಹಿಡಿದೋರಿಗೆ ಮನೆಯಿಂದ ಮತದಾನ ದೊಡ್ಡ ವರ, ಅದನ್ನ ಅಲ್ಲಗಳೆಯಲ್ಲ, ಆದ್ರೆ ನೀವು ದಿನಾ ಬಸ್ ಹತ್ತಿ ಕೆಲಸಕ್ಕೆ ಹೋಗೋರು ಅಂತ ನೀವೇ ಬರ್ದಿದೀರ.

2024ರ ಏಪ್ರಿಲ್ 26ಕ್ಕೆ, ಲೋಕಸಭೆ ಎಲೆಕ್ಷನ್ನಿಗೆ, ನಾನು ಬಿಳಿ ಕೋಲು ಹಿಡ್ಕೊಂಡು ಹೋದೆ. ಕ್ಯೂ ನಿಲ್ಲಿಸ್ಲಿಲ್ಲ, ನಮ್ಮಂಥೋರನ್ನ ಮೊದ್ಲು ಬಿಡ್ಬೇಕು. ಒಳಗೆ 'ಜೊತೆಗೆ ಯಾರೂ ಬಂದಿಲ್ವಾ' ಅಂದ್ರು. ಬ್ರೈಲ್ ಡಮ್ಮಿ ಬ್ಯಾಲೆಟ್ ಶೀಟ್ ಕೊಡಿ ಅಂದೆ. ಅಂಥದ್ದೇನಿಲ್ಲ ಅಂದ್ರು, ಸಾಮಾನಿನ ಜೊತೆ ಕೊಟ್ಟಿರ್ತಾರೆ ನೋಡಿ ಸಾರ್ ಅಂತ ಅಲ್ಲೇ ನಿಂತೆ, ಚೀಲ ಕೆದಕಿದ ಮೇಲೆ ಸಿಕ್ತು, ಪಾಪ ಅವರಿಗೂ ಮುಟ್ಟಿ ಗೊತ್ತಿಲ್ಲ. ಅದರಲ್ಲಿ ಕ್ಯಾಂಡಿಡೇಟು ಹೆಸರು, ನಂಬರ್ ಇರುತ್ತೆ, ಓದಿ ನಂಬರ್ ನೆನಪಿಟ್ಕೊಂಡು ವಾಪಸ್ ಕೊಟ್ಟು ಮಷಿನ್ ಹತ್ರ ಹೋಗ್ಬೇಕು. ಬಲಗಡೆ ಅಂಚಲ್ಲಿ ಬಟನ್ ಪಕ್ಕದಲ್ಲೇ ಬ್ರೈಲಲ್ಲಿ ನಂಬರ್ ಇದೆ, ಬೆರಳು ಇಳಿಸ್ಕೊಂಡು ಬಂದು ನನ್ನ ನಂಬರ್ ಸಿಕ್ಕಿದ ತಕ್ಷಣ ಒತ್ತಿದೆ, ಪೀ... ಅಂತ ಉದ್ದಕ್ಕೆ ಸದ್ದು ಬಂತು.

ಬ್ರೈಲ್ ಬರಲ್ಲ ಅಂತ ಬರ್ದಿದೀರ. ಕಥೆ ಪುಸ್ತಕ ಓದೋದು ಬೇಡ, ಅಂಕಿ ಕಲಿತ್ರೆ ಸಾಕು. 1 ಅಂದ್ರೆ ಒಂದೇ ಚುಕ್ಕೆ, 2 ಅಂದ್ರೆ ಮೇಲೆ ಕೆಳಗೆ ಎರಡು, 3 ಅಂದ್ರೆ ಅಕ್ಕಪಕ್ಕ ಎರಡು. ಶೀಟ್ ಓದೋಕಾಗ್ದಿದ್ರೆ ನಿಮ್ಮ ಕ್ಯಾಂಡಿಡೇಟ್ ನಂಬರ್ ಮೊದ್ಲೇ ತಿಳ್ಕೊಂಡು ಹೋಗಿ. ಒಂದು ಮಷಿನ್ನಿಗೆ ನೋಟಾನೂ ಸೇರಿ 16 ಬಟನ್, 15ಕ್ಕಿಂತ ಜಾಸ್ತಿ ಜನ ನಿಂತಿದ್ರೆ ಪಕ್ಕದಲ್ಲಿ ಇನ್ನೊಂದು ಮಷಿನ್ ಇಟ್ಟಿರ್ತಾರೆ, ಎಷ್ಟು ಮಷಿನ್ ಇದೆ ಅಂತ ಒಳಗೆ ಹೋಗೋಕ್ಮುಂಚೆ ಕೇಳಿ. ಯಾರಿಗೆ ಓಟ್ ಬಿತ್ತು ಅಂತ ತೋರಿಸೋ ವಿವಿಪ್ಯಾಟ್ ಚೀಟಿ ಮಾತ್ರ ನಮಗೆ ದಂಡ, ಗಾಜಿನ ಹಿಂದೆ 7 ಸೆಕೆಂಡ್ ಕಾಣಿಸಿ ಬೀಳುತ್ತೆ, ಕಾಣೋರಿಗೆ.

ಓಟರ್ ಲಿಸ್ಟಲ್ಲಿ ಅಂಗವಿಕಲರು ಅಂತ ಗುರುತು ಮಾಡ್ಸೋದಕ್ಕೆ ಫಾರಂ 8 ಇದೆ, ಚುನಾವಣಾ ಆಯೋಗದ ಸಕ್ಷಮ್ ಆ್ಯಪಲ್ಲೂ ಆಗುತ್ತೆ, ಅದನ್ನ ಮಾಡ್ಸಿ, ಇದಕ್ಕೂ 12ಡಿಗೂ ಸಂಬಂಧ ಇಲ್ಲ. ಅಷ್ಟಾದ್ಮೇಲೂ ಧೈರ್ಯ ಬರ್ದಿದ್ರೆ ಸಹಾಯಕರನ್ನ ಕರ್ಕೊಂಡು ಹೋಗ್ಬೋದು, 18 ತುಂಬಿರ್ಬೇಕು, ಒಬ್ಬರು ಒಂದಿನಕ್ಕೆ ಒಬ್ಬರಿಗೇ ಸಹಾಯ ಮಾಡ್ಬೋದು, ಗುಟ್ಟು ಬಿಡಲ್ಲ ಅಂತ ಬರ್ಕೊಡ್ಬೇಕು. ಗ್ರಾಮ ಪಂಚಾಯ್ತಿಗೆ ಮಾತ್ರ ಈ ಮಷಿನ್ ಪಾಠ ನಡಿಯಲ್ಲ, 2020ರಲ್ಲಿ ಬೀದರ್ ಬಿಟ್ಟು ಎಲ್ಲಾ ಕಡೆ ಕಾಗದದ ಬ್ಯಾಲೆಟ್ಟೇ ಇದ್ದಿದ್ದು, ಅಲ್ಲಿ ಜೊತೆಗೆ ಒಬ್ಬರು ಬೇಕೇ ಬೇಕು, ಫ್ರೆಂಡನ್ನೋ ಅಕ್ಕನ್ನೋ ಕರ್ಕೊಂಡ್ಹೋಗಿ, ಬಾವುಟ ಕಟ್ಟೋ ಅಣ್ಣನ್ನ ಬೇಡ.