ಕಲಾದಗಿ ಅಂತ ಹಾಕಿ ನೋಡಿ

ಪ್ರಶ್ನೆ: ನಾನು ಡೊಂಬಿವಲಿಯವಳು, ಮುಂಬೈಯಲ್ಲಿ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ಅಜ್ಜನ ಊರು ವಿಜಯಪುರದ ಕಡೆ. ಅಲ್ಲಿಯ 1876–78ರ ಬರದ ಮೇಲೆ ಪ್ರಾಜೆಕ್ಟ್ ಮಾಡಬೇಕು ಅಂತಿದ್ದೇನೆ. ಲೈಬ್ರರಿಯ ಕ್ಯಾಟಲಾಗಿನಲ್ಲಿ ವಿಜಯಪುರ ಅಂತ ಹಾಕಿದರೆ ಏನೂ ಬರಲ್ಲ. ಎಐ ಚಾಟ್‌ಗೆ ಕೇಳಿದರೆ ಐದು ಪುಸ್ತಕ ಹೇಳಿತು, ಐದೂ ಎಲ್ಲೂ ಇಲ್ಲ! ಧಾರವಾಡಕ್ಕೇ ಹೋಗಬೇಕಾ?

ಉತ್ತರ: ಈಗಲೇ ಟಿಕೆಟ್ ತೆಗೆಸಬೇಡಿ. ನಿಮಗೆ ಬೇಕಾದ್ದು ಬಹಳಷ್ಟು ಮುಂಬೈಯಲ್ಲೇ ಇದೆ. ಆ ಜಿಲ್ಲೆಗಳೆಲ್ಲ 1956ರ ತನಕ ಮುಂಬೈ ಆಡಳಿತದಲ್ಲೇ ಇದ್ದವು, ಹಾಗಾಗಿ ಅಲ್ಲಿಯ ಕಲೆಕ್ಟರ್ ಬರೆದ ಪತ್ರಗಳು ಬಂದು ಸೇರುತ್ತಿದ್ದದ್ದು ಇಲ್ಲಿಗೇ.

ತೊಂದರೆ ಇರುವುದು ಹೆಸರಿನಲ್ಲಿ. ವಿಜಯಪುರ ಅನ್ನುವುದು ಸರ್ಕಾರಿ ಕಾಗದಕ್ಕೆ ಬಂದದ್ದು 2014ರಲ್ಲಿ. ಅದಕ್ಕೆ ಮುಂಚೆ ಬಿಜಾಪುರ. ಬರ ಬಿದ್ದಾಗ ಅದೂ ಅಲ್ಲ, ಜಿಲ್ಲೆಯ ಹೆಸರು ಕಲಾದಗಿ! ಧಾರವಾಡವನ್ನು ಆಗಿನವರು ಧಾರ್ವಾರ್ ಅಂತ ಬರೆಯುತ್ತಿದ್ದರು, ಇಂಗ್ಲಿಷಿನಲ್ಲಿ ಕೊನೆಗೆ ಡಿ ಅಲ್ಲ, ಆರ್. ಕನ್ನಡ ಭಾಷೆ ಕ್ಯಾನರೀಸ್. ಕಂಪ್ಯೂಟರಿಗೆ ಇದೆಲ್ಲ ಗೊತ್ತಿರಲ್ಲ, ನೀವು ಹಾಕಿದ ಅಕ್ಷರವನ್ನಷ್ಟೇ ಹುಡುಕುತ್ತದೆ. ಒಂದು ಹಾಳೆಯಲ್ಲಿ ಎಲ್ಲ ಹಳೇ ಹೆಸರು ಬರೆದಿಟ್ಟುಕೊಂಡು ಒಂದೊಂದೇ ಹಾಕಿ ನೋಡಿ.

ಎಐ ಕೊಟ್ಟ ಪುಸ್ತಕಗಳ ಬಗ್ಗೆ ಏನು ಹೇಳಲಿ, ಅದು ಇಲ್ಲದ ಪುಸ್ತಕಕ್ಕೂ ರಟ್ಟು ಹಾಕಿ ಕೊಡುತ್ತದೆ. ಹಳೇ ಹೆಸರು ನೆನಪಿಸಿಕೊಳ್ಳಲು ಬೇಕಾದರೆ ಕೇಳಿ, ಪುಸ್ತಕದ ಪಟ್ಟಿ ಮಾತ್ರ ಬೇಡ.

ಮೊದಲು ಬಾಂಬೆ ಗೆಜೆಟಿಯರಿನ (ಬ್ರಿಟಿಷರ ಕಾಲದ ಜಿಲ್ಲಾ ವಿವರಗಳ ಪುಸ್ತಕ) ಬಿಜಾಪುರ ಸಂಪುಟ ಓದಿ, 1884ರದ್ದು, ಆನ್‌ಲೈನಿನಲ್ಲಿ ಪುಕ್ಕಟೆ ಸಿಗುತ್ತದೆ. ಬರದ ವಿವರ ಅದರಲ್ಲಿದೆ. ಆದರೆ ಅದು ಸರ್ಕಾರ ತಾನೇ ಬರೆಸಿದ್ದು ಅಲ್ವಾ, ತನ್ನ ತಪ್ಪನ್ನು ಎಷ್ಟು ಒಪ್ಪಿಕೊಂಡೀತು! ಆಮೇಲೆ ಕಾಲಾ ಘೋಡಾದ ಮಹಾರಾಷ್ಟ್ರ ರಾಜ್ಯ ಪತ್ರಾಗಾರ, ಅಂದರೆ ಹಳೇ ಸರ್ಕಾರಿ ಕಾಗದಪತ್ರ ಇಡುವ ಆರ್ಕೈವ್ಸ್, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿದೆ. ಗೈಡ್ ಅಥವಾ ವಿಭಾಗದ ಮುಖ್ಯಸ್ಥರ ಪತ್ರ, ಐಡಿ ಕಾರ್ಡ್ ಹಿಡಿದುಕೊಂಡು ಹೋಗಿ. ಸಮಯ ಮತ್ತು ಫೋಟೊ ತೆಗೆಯುವ ನಿಯಮ ಫೋನ್ ಮಾಡಿ ಕೇಳಿಕೊಳ್ಳಿ, ಪೆನ್ನು ಬಿಟ್ಟು ಪೆನ್ಸಿಲ್ ಒಯ್ಯಿರಿ.

ಅಲ್ಲಿ ವಿಷಯ ಹೇಳಿದರೆ ಫೈಲು ಬರಲ್ಲ. ಇಲಾಖೆ, ವರ್ಷ, ಸಂಪುಟ, ಕಂಪೈಲೇಶನ್ ನಂಬರ್ (ಸಂಪುಟದೊಳಗೆ ಒಂದು ವಿಷಯದ ಕಾಗದಗಳಿಗೆ ಕೊಟ್ಟ ನಂಬರ್), ಇದು ಲೆಕ್ಕ. ನಿಮ್ಮ ಕೆಲಸಕ್ಕೆ ರೆವಿನ್ಯೂ ಇಲಾಖೆಯಿಂದ ಶುರು ಮಾಡಿ. ಈ ನಾಲ್ಕನ್ನೂ ಪ್ರತಿ ಟಿಪ್ಪಣಿಯ ತಲೆಯ ಮೇಲೆ ಬರೆದುಕೊಳ್ಳಿ. ನಾನು ಒಮ್ಮೆ ಕಂಪೈಲೇಶನ್ ನಂಬರ್ ಬರೆಯದೆ ಎದ್ದು ಬಂದೆ, ಆಮೇಲೆ ಒಂದೇ ಒಂದು ಸಾಲಿಗಾಗಿ ಅದೇ ದಪ್ಪ ಕಟ್ಟನ್ನು ಎರಡು ದಿನ ಮತ್ತೆ ತಿರುವಿ ಹಾಕಿದ್ದಾಯಿತು. ಹಾಳೆ ಮುಟ್ಟಿದರೆ ಹಪ್ಪಳ.

ಕಾಲೇಜ್ ಲೈಬ್ರರಿಯನ್ನೂ ಬಿಡಬೇಡಿ. ಎನ್‌-ಲಿಸ್ಟ್ (ಕಾಲೇಜುಗಳಿಗೆ ಆನ್‌ಲೈನಿನಲ್ಲಿ ಪುಸ್ತಕ, ಲೇಖನ ಒದಗಿಸುವ ಯೋಜನೆ) ಇದೆಯಾ ಅಂತ ಲೈಬ್ರೇರಿಯನ್‌ಗೆ ಕೇಳಿ, ಇದ್ದರೆ ಲಾಗಿನ್ ಕೊಡುತ್ತಾರೆ, ಡೊಂಬಿವಲಿಯಲ್ಲೇ ಕೂತು ಲೇಖನ ಓದಬಹುದು. ಎಷ್ಟೋ ಹುಡುಗರು ಕೇಳುವುದೇ ಇಲ್ಲ.

ಪ್ರಶ್ನೆ: ಪಿಎಚ್.ಡಿ. ಥೀಸಿಸ್‌ಗಳನ್ನು ಇಡುವ ಶೋಧಗಂಗಾ ಜಾಲತಾಣದಲ್ಲಿ ಕನ್ನಡ ಥೀಸಿಸ್ ಇವೆಯಾ? ಕನ್ನಡದಲ್ಲಿ ಟೈಪ್ ಮಾಡಿದರೆ ಸಿಗುತ್ತಿಲ್ಲ. (ವಾಸ್ಕೋದಿಂದ ಒಬ್ಬ ವಿದ್ಯಾರ್ಥಿ)

ಉತ್ತರ: ಇವೆ, ಬೇಕಾದಷ್ಟು. ಎಷ್ಟೋ ಕಡೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬೊಬ್ಬರು ಒಂದೊಂದು ಥರ ಹಾಕಿರುತ್ತಾರೆ. ಹುಡುಕುವ ಪೆಟ್ಟಿಗೆ ಬಿಟ್ಟು ಯೂನಿವರ್ಸಿಟಿ ಹೆಸರು ಒತ್ತಿ, ಒಳಗೆ ಕನ್ನಡ ವಿಭಾಗಕ್ಕೆ ಹೋಗಿ ಪಟ್ಟಿಯನ್ನೇ ನೋಡುತ್ತಾ ಹೋಗಿ. ನಿಮ್ಮ ವಿಷಯದ ಥೀಸಿಸ್ ಸಿಕ್ಕಿದರೆ ಮೊದಲ ಅಧ್ಯಾಯ ಆಮೇಲೆ ಓದಿದರಾಯಿತು, ಗ್ರಂಥಸೂಚಿ ಇರುವ ಫೈಲ್ ಮೊದಲು ತೆರೆಯಿರಿ.