ಪಕ್ಕದ ಮೇಜಿನಿಂದ ಬರುವ ಪ್ರಶ್ನೆಗಳು

ಪ್ರಶ್ನೆ: ನಾನು ಆಟಿಸ್ಟಿಕ್. ಕಚೇರಿಯಲ್ಲಿ ಹೆಡ್‌ಫೋನ್ ಹಾಕಿಕೊಳ್ಳಲು ಅನುಮತಿ ಕೇಳುವಾಗ ಈ ವಿಷಯ ತಂಡಕ್ಕೆಲ್ಲ ಹೇಳಬೇಕಾಯಿತು. ಅಂದಿನಿಂದ ಪಕ್ಕದ ಮೇಜಿನವರು ಬಿಡುವಾದಾಗಲೆಲ್ಲ ಕೆದಕುತ್ತಾರೆ. ‘ನೋಡಿದ್ರೆ ಹಾಗೆ ಕಾಣಲ್ವಲ್ಲ?’, ‘ಎಷ್ಟು ಪರ್ಸೆಂಟ್ ಇದೆ?’, ‘ಮಾತ್ರೆ ತಗೋತೀರಾ?’, ‘ಮದುವೆ ಆಗಬಹುದಾ?’ ಅವರು ಕೆಟ್ಟವರಲ್ಲ. ಆದರೆ ಆ ಕ್ಷಣಕ್ಕೆ ನನಗೆ ಒಂದೋ ಮಾತೇ ಹೊರಡುವುದಿಲ್ಲ, ಇಲ್ಲವೇ ಹೇಳಬಾರದ್ದನ್ನೆಲ್ಲ ಹೇಳಿಬಿಡುತ್ತೇನೆ. ಜಗಳವಿಲ್ಲದೆ ಇದನ್ನು ನಿಲ್ಲಿಸುವುದು ಹೇಗೆ?

ಉತ್ತರ: ಆಟಿಸ್ಟಿಕ್ ಆದ ಹಲವರಿಗೆ ಕೇಳಿಸಿಕೊಂಡ ಮಾತನ್ನು ಅರಗಿಸಿಕೊಳ್ಳಲು ಒಂದಿಷ್ಟು ಸಮಯ ಬೇಕು. ಜೊತೆಗೆ, ಕೇಳಿದ ಪ್ರಶ್ನೆಗೆ ಪೂರ್ತಿ ನಿಜ ಹೇಳಬೇಕೆಂಬ ಒತ್ತಡವೂ ಒಳಗಿನಿಂದಲೇ ಬರುತ್ತದೆ. ಆದ್ದರಿಂದ ಉತ್ತರವನ್ನು ಸ್ಥಳದಲ್ಲೇ ಹುಡುಕುವ ಕೆಲಸ ಬೇಡ. ಮನೆಯಲ್ಲೇ ಬರೆದು, ನಾಲಗೆಗೆ ರೂಢಿಯಾಗುವವರೆಗೆ ಗಟ್ಟಿಯಾಗಿ ಹೇಳಿಕೊಳ್ಳಿ: ‘ಅದು ನನ್ನ ಸ್ವಂತ ವಿಷಯ, ಅದರ ಬಗ್ಗೆ ಮಾತಾಡಲ್ಲ.’ ಅದರ ಬೆನ್ನಿಗೇ ಕೆಲಸದ ಮಾತೊಂದು: ‘ನಿನ್ನೆ ಕಳಿಸಿದ ಫೈಲ್ ನೋಡಿದ್ರಾ?’ ಈ ಎರಡನೆಯ ವಾಕ್ಯವನ್ನು ಬಿಡಬೇಡಿ. ಮೊದಲನೆಯದಾದ ಮೇಲೆ ಮೌನ ಉಳಿದರೆ ಅವರು ‘ಬೇಜಾರಾಯ್ತಾ?’ ಎನ್ನುತ್ತಾರೆ, ನೀವು ವಿವರಿಸಲು ಶುರುಮಾಡುತ್ತೀರಿ. ಅಲ್ಲಿಗೆ ಮತ್ತೆ ಮೊದಲಿನ ಕಥೆಯೇ.

ಈ ಉಪಾಯ ಕೈಕೊಡುವುದು ಸಾಮಾನ್ಯವಾಗಿ ಕಾರಣ ಕೊಡುವಾಗ. ‘ಈಗ ಟೈಮಿಲ್ಲ’ ಎಂದರೆ ಊಟದ ಹೊತ್ತಿಗೆ ಬರುತ್ತಾರೆ. ‘ಮುಜುಗರ ಆಗುತ್ತೆ’ ಎಂದರೆ ‘ಇದರಲ್ಲೇನು ಮುಜುಗರ?’ ಎಂದು ವಾದ ಹೂಡುತ್ತಾರೆ. ಕಾರಣವೇ ಇಲ್ಲದಿದ್ದರೆ ವಾದಕ್ಕೆ ಹಿಡಿಯೂ ಸಿಗುವುದಿಲ್ಲ. ಎರಡನೆಯದು, ಪ್ರತಿಸಲ ಬೇರೆ ಬೇರೆ ಮಾತು ಬಳಸುವುದು. ಹೊಸ ಮಾತು ಬಂದರೆ ಚರ್ಚೆ ಮುಂದುವರಿದಂತೆ ತೋರುತ್ತದೆ. ನಾಲ್ಕು ಸಲ ಅಕ್ಷರಶಃ ಅದೇ ವಾಕ್ಯ ಕೇಳಿದರೆ ಹೆಚ್ಚಿನವರು ಸೋಲುತ್ತಾರೆ. ನಗುಮುಖ ಮಾಡಬೇಕಿಲ್ಲ, ಕಣ್ಣಲ್ಲಿ ಕಣ್ಣಿಡಬೇಕಿಲ್ಲ, ಧ್ವನಿ ಏರಿಳಿತವಿಲ್ಲದಿದ್ದರೂ ಸರಿ. ಮಾತೇ ನಿಂತುಹೋಗುವ ದಿನಗಳಿಗಾಗಿ ಅದೇ ವಾಕ್ಯವನ್ನು ಫೋನಿನಲ್ಲಿ ಉಳಿಸಿಟ್ಟುಕೊಂಡು ಚಾಟ್‌ನಲ್ಲಿ ಕಳಿಸಿ. ಹಿಂದೆ ಒಮ್ಮೆ ಹೇಳಿಬಿಟ್ಟಿದ್ದೀರೆಂದು ಮುಂದೆಯೂ ಹೇಳಬೇಕಾಗಿಲ್ಲ.

ಎಲ್ಲ ಪ್ರಶ್ನೆಗೂ ಬಾಗಿಲು ಹಾಕಬೇಕೆ? ಕೆಲಸಕ್ಕೆ ಸಂಬಂಧಿಸಿದ್ದಕ್ಕೆ ಧಾರಾಳವಾಗಿ ಉತ್ತರಿಸಿ. ‘ಹೆಡ್‌ಫೋನ್ ಹಾಕಿದಾಗ ಹೇಗೆ ಕರೆಯಲಿ?’ ಎಂಬುದು ಒಳ್ಳೆಯ ಪ್ರಶ್ನೆ. ‘ಭುಜ ಮುಟ್ಟಬೇಡಿ, ಮೆಸೇಜ್ ಹಾಕಿ’ ಎಂದರೆ ಇಬ್ಬರಿಗೂ ಅನುಕೂಲ. ಆಟಿಸಂ ಬಗೆಗಿನ ಸಾಮಾನ್ಯ ಪ್ರಶ್ನೆಗಳು ನಿಮ್ಮ ಇಷ್ಟ. ಉತ್ಸಾಹವಿದ್ದ ದಿನ ಒಂದೆರಡು ವಾಕ್ಯ ಸಾಕು. ಒಂದು ಪರ್ಸೆಂಟ್ ಅಂಕಿ ಎಲ್ಲವನ್ನೂ ಹೇಳಿಬಿಡುವುದಿಲ್ಲ: ಚೆನ್ನಾಗಿ ಮಾತಾಡುವವರಿಗೂ ಸದ್ದು, ಬೆಳಕು ಸಹಿಸಲು ಬಹಳ ಕಷ್ಟವಾಗಬಹುದು. ಮನೋವೈದ್ಯರು ರೋಗನಿರ್ಣಯಕ್ಕೆ ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಆಟಿಸಂಗಿರುವ ಮೂರು ಹಂತಗಳು ಹೇಳುವುದು ಎಷ್ಟು ನೆರವು ಬೇಕೆಂಬುದನ್ನು. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಮಾತು ಯಾರಾದರೂ ತೆಗೆದರೆ, ಆ ಗುಲ್ಲೆಬ್ಬಿಸಿದ 1998ರ ಪ್ರಬಂಧವನ್ನು ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು ಎಂದು ಹೇಳಿ ಸುಮ್ಮನಾಗಿ. ನಿಮ್ಮ ಮಾತ್ರೆ, ಮದುವೆ, ಬಾಲ್ಯ, ಮನೆಯವರ ವಿಷಯಗಳಿಗೆ ಮಾತ್ರ ಆ ಒಂದೇ ವಾಕ್ಯ. ಯಾವ ಬಗೆಯ ಪ್ರಶ್ನೆಯೆಂದು ಗೊತ್ತಾಗದಿದ್ದರೆ ಸ್ವಂತದ್ದೆಂದೇ ಎಣಿಸಿ. ಬೇಕಾದರೆ ನಾಳೆ ಹೇಳಬಹುದು, ಹೇಳಿದ್ದನ್ನು ವಾಪಸು ಪಡೆಯಲಾಗದು.

ಇಷ್ಟಾದರೂ ನಿಲ್ಲದಿದ್ದರೆ ಒಂದು ಮೆಸೇಜ್ ಬರೆಯಿರಿ: ‘ನನ್ನ ಆಟಿಸಂ ಬಗ್ಗೆ ಇನ್ನು ಮುಂದೆ ಪ್ರಶ್ನೆ ಕೇಳಬೇಡಿ. ಕೆಲಸದ ವಿಷಯ ಯಾವಾಗ ಬೇಕಾದರೂ ಕೇಳಿ.’ ಸುತ್ತಿ ಬಳಸಿ ಸೂಚಿಸುವುದು ಬೇಡ. ಇಷ್ಟು ಕೆದಕುವವರಿಗೆ ಸೂಚನೆ ತಟ್ಟುವುದಿಲ್ಲ. ಈ ಮೆಸೇಜೇ ಮುಂದೆ ದಾಖಲೆಯೂ ಆಗುತ್ತದೆ. ಆಮೇಲೂ ಕೇಳಿದರೆ ದಿನಾಂಕ, ಹೊತ್ತು, ಅವರು ಆಡಿದ ಮಾತು ಇದ್ದಂತೆಯೇ, ಅಲ್ಲಿ ಯಾರಿದ್ದರು, ನೀವೇನು ಹೇಳಿದಿರಿ ಎಂಬುದನ್ನು ಅಂದೇ ಬರೆದಿಡಿ. ಮ್ಯಾನೇಜರ್ ಬಳಿ ಹೋದಾಗ ‘ತುಂಬಾ ಕಾಟ ಕೊಡ್ತಾರೆ’ ಎಂದಷ್ಟೇ ಹೇಳಿದರೆ ಸಮಾಧಾನದ ಮಾತು ಸಿಗುತ್ತದೆ, ಅಷ್ಟೇ. ಏನಾಗಬೇಕೆಂದು ಕೇಳಿ: ಪ್ರಶ್ನೆ ನಿಲ್ಲಿಸುವಂತೆ ಅವರಿಗೆ ಹೇಳಬೇಕು, ಅಥವಾ ಕೂರುವ ಜಾಗ ಬದಲಾಗಬೇಕು. ‘ಒಳ್ಳೆ ಮನಸ್ಸಿಂದಲೇ ಕೇಳಿರ್ತಾರೆ’ ಎಂಬ ಮಾತು ಬರುವುದು ಬಹುತೇಕ ಖಚಿತ. ‘ಇರಬಹುದು, ಬರೆದು ತಿಳಿಸಿದ ಮೇಲೂ ನಿಂತಿಲ್ಲ’ ಎಂದು ಆ ಮೆಸೇಜ್ ತೋರಿಸಿ. ಅವರು ನಿಮ್ಮನ್ನು ಅಣಕಿಸಿದ್ದರೆ ಅಥವಾ ವಿಷಯವನ್ನು ಬೇರೆ ವಿಭಾಗದವರಿಗೆ ಹಬ್ಬಿಸಿದ್ದರೆ ಇಷ್ಟು ಮೆಟ್ಟಿಲು ಹತ್ತಬೇಕಿಲ್ಲ, ನೇರ ಎಚ್‌ಆರ್‌ಗೆ ಹೋಗಿ.

ಪ್ರಶ್ನೆ: ನಮ್ಮ ತಂಡದಲ್ಲೊಬ್ಬರು ಆಟಿಸ್ಟಿಕ್ ಇದ್ದಾರೆ. ಹಾಗಾದರೆ ಏನನ್ನೂ ಕೇಳಲೇಬಾರದೇ?

ಉತ್ತರ: ಕೆಲಸ ಹಗುರಾಗುವಂಥದ್ದನ್ನು ಕೇಳಿ. ‘ಮೀಟಿಂಗ್‌ಗೆ ಮೊದಲೇ ವಿಷಯಪಟ್ಟಿ ಕಳಿಸಲಾ?’, ‘ಬಾಯಲ್ಲಿ ಹೇಳಲಾ, ಬರೆದು ಕೊಡಲಾ?’ ಒಂದು ಸಲಕ್ಕೆ ಒಂದೇ ಪ್ರಶ್ನೆ, ಉತ್ತರಕ್ಕೆ ಕಾಯುವಷ್ಟು ತಾಳ್ಮೆ. ‘ಯಾರಿಗಿಲ್ಲ ಹೇಳಿ, ಎಲ್ಲರಿಗೂ ಸ್ವಲ್ಪ ಸ್ವಲ್ಪ ಇರುತ್ತೆ’ ಎನ್ನಬೇಡಿ. ಅವರ ಕಷ್ಟವನ್ನು ತಳ್ಳಿಹಾಕಿದಂತಾಗುತ್ತದೆ. ‘ನಿಮಗಿದೆ ಅಂತ ಗೊತ್ತೇ ಆಗಲ್ಲ’ ಎಂಬ ಮೆಚ್ಚುಗೆಯೂ ಬೇಡ. ಗೊತ್ತಾಗದಂತೆ ಇರಲು ಅವರು ದಿನವಿಡೀ ಶ್ರಮ ಪಡುತ್ತಿರಬಹುದು, ಸಂಜೆಗೆ ಪೂರಾ ಸುಸ್ತಾಗಿರುತ್ತಾರೆ.