ಮೇಷ್ಟ್ರನ್ನು ಕೇಳಿ: ಪಿಯು ಅಂಕಕ್ಕೆ ಬೆಲೆ ಇರಲಿ

ಸರ್ಕಾರಿ ಪಿಯು ಕಾಲೇಜುಗಳಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು ಈ ಪುಟದಲ್ಲಿ ಓದುಗರ ಪತ್ರಗಳಿಗೆ ಉತ್ತರಿಸುತ್ತಾರೆ. ಈ ಸಲದ ಪತ್ರಗಳು ಎಂಜಿನಿಯರಿಂಗ್ ಮುಂತಾದ ಕೋರ್ಸುಗಳಿಗೆ ರಾಜ್ಯ ನಡೆಸುವ ಪ್ರವೇಶ ಪರೀಕ್ಷೆ ಸಿಇಟಿ ಮತ್ತು ವೈದ್ಯಕೀಯ ಸೀಟಿನ ದೇಶಮಟ್ಟದ ಪರೀಕ್ಷೆ ನೀಟ್ ಬಗ್ಗೆ.

ಪ್ರಶ್ನೆ: ನನ್ನ ಮಗಳಿಗೆ ಪಿಯು ಪಿಸಿಎಂನಲ್ಲಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) 92 ಪರ್ಸೆಂಟ್ ಬಂದಿದೆ. ಪಕ್ಕದ ಮನೆ ಹುಡುಗನಿಗೆ 84. ಸಿಇಟಿಯಲ್ಲಿ 180ಕ್ಕೆ ಇವಳಿಗೆ 63, ಅವನಿಗೆ 99. ಎಂಜಿನಿಯರಿಂಗ್ ರ‍್ಯಾಂಕ್‌ನಲ್ಲಿ ಅವನು ಎಷ್ಟೋ ಮುಂದಿದ್ದಾನೆ. ಅರ್ಧಕ್ಕರ್ಧ ಲೆಕ್ಕ ಅಂತಾರಲ್ಲ, ಹಾಗಾದರೆ ಇವಳು ಎರಡು ವರ್ಷ ಓದಿದ್ದು ಎಲ್ಲಿ ಹೋಯಿತು? ಮಗು ಸರಿಯಾಗಿ ಊಟ ಮಾಡುತ್ತಿಲ್ಲ.
– ಒಬ್ಬ ತಾಯಿ, ಸಿಂಧನೂರು

ಉತ್ತರ: ತಾಯಿ, ಮೊದಲು ಮಗಳಿಗೆ ಊಟ ಮಾಡಿಸಿ. ಆಮೇಲೆ ಇಬ್ಬರೂ ಕೂತು ಒಂದು ಹಾಳೆಯ ಮೇಲೆ ಈ ಲೆಕ್ಕ ಹಾಕಿ.

ಮೂರು ವಿಷಯ ಸೇರಿ ಬಂದ ಪಿಯು ಪರ್ಸೆಂಟಿನ ಅರ್ಧ, ಸಿಇಟಿ ಪರ್ಸೆಂಟಿನ ಅರ್ಧ, ಎರಡನ್ನೂ ಕೂಡಿಸುತ್ತಾರೆ. ಮಗಳ 92ರ ಅರ್ಧ 46. ಸಿಇಟಿಯ 63 ಅಂದರೆ 35 ಪರ್ಸೆಂಟ್, ಅದರ ಅರ್ಧ 17.5. ಒಟ್ಟು 63.5. ಆ ಹುಡುಗನ 84ರ ಅರ್ಧ 42. ಸಿಇಟಿಯ 99 ಅಂದರೆ 55 ಪರ್ಸೆಂಟ್, ಅರ್ಧ 27.5. ಒಟ್ಟು 69.5. ಪಿಯುನಿಂದ ನಿಮ್ಮ ಮಗಳಿಗೆ ಸಿಕ್ಕ ಮುನ್ನಡೆ ಬರೀ 4. ಸಿಇಟಿಯಿಂದ ಅವನಿಗೆ ಸಿಕ್ಕಿದ್ದು 10.

ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಅದರೊಳಗೆ ಒಂದು ವಿಷಯ ಇದೆ. ಅದನ್ನು ತುಂಬಾ ಜನ ಗಮನಿಸುವುದಿಲ್ಲ. ಚೆನ್ನಾಗಿ ಓದುವ ಮಕ್ಕಳ ಪಿಯು ಅಂಕಗಳು 80ರಿಂದ 98ರ ನಡುವೆ ಒತ್ತಾಗಿ ನಿಂತಿರುತ್ತವೆ. ಅದೇ ಮಕ್ಕಳ ಸಿಇಟಿ ಅಂಕಗಳು 30 ಪರ್ಸೆಂಟಿನಿಂದ 90ರವರೆಗೆ ಚದುರಿರುತ್ತವೆ. ಚದುರಿದ ಕಡೆ ಅಂತರ ಜಾಸ್ತಿ, ಒತ್ತಾದ ಕಡೆ ಕಡಿಮೆ. ಹಾಗಾಗಿ ಹೆಸರಿಗೆ ಅರ್ಧಕ್ಕರ್ಧ ಇದ್ದರೂ ರ‍್ಯಾಂಕನ್ನು ಮೇಲೆ ಕೆಳಗೆ ಎಳೆಯುವುದು ಹೆಚ್ಚಾಗಿ ಸಿಇಟಿಯೇ. ಎರಡು ವರ್ಷದ ಓದಿಗೆ ಸಿಗಬೇಕಾದ ಅರ್ಧ ಪಾಲು ನಿಜದಲ್ಲಿ ಸಿಗುತ್ತಿಲ್ಲ.

ಇದಕ್ಕೆ ದಾರಿ ಇಲ್ಲ ಅಂತಲ್ಲ. ಎರಡೂ ಅಂಕಗಳನ್ನು ಮೊದಲು ಪರ್ಸೆಂಟೈಲ್‌ಗೆ ತಂದು ಆಮೇಲೆ ಕೂಡಿಸಬಹುದು. ಅಂದರೆ ನಿಮ್ಮ ಮಗಳು ತನ್ನ ಬೋರ್ಡಿನ ನೂರು ಮಕ್ಕಳಲ್ಲಿ ಎಷ್ಟು ಮಂದಿಗಿಂತ ಮುಂದೆ ಇದ್ದಾಳೆ ಅನ್ನುವುದನ್ನು ನೋಡುವುದು. ಬೋರ್ಡ್‌ವಾರು ಮಾಡಿದರೆ ಇನ್ನೊಂದು ಜಗಳವೂ ಕಡಿಮೆಯಾಗುತ್ತದೆ. ನಮ್ಮ ಪಿಯು ಮಕ್ಕಳು, ಸಿಬಿಎಸ್‌ಇ ಮಕ್ಕಳು ಒಂದೇ ಪಟ್ಟಿಯಲ್ಲಿ ಬರುತ್ತಾರೆ. ಯಾವ ಬೋರ್ಡ್ ಧಾರಾಳ, ಯಾವುದು ಬಿಗಿ ಅನ್ನುವ ವಾದ ಆಗ ಅಷ್ಟಾಗಿ ಬರುವುದಿಲ್ಲ. ಇದು ಹೊಸ ಯೋಚನೆಯೇನೂ ಅಲ್ಲ. 2013ರಿಂದ 2016ರವರೆಗೆ ದೇಶಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್‌ನಲ್ಲಿ ಹನ್ನೆರಡನೇ ತರಗತಿ ಅಂಕಗಳನ್ನು ಬೋರ್ಡ್‌ವಾರು ಸರಿದೂಗಿಸಿ 40 ಪರ್ಸೆಂಟ್ ತೂಕ ಕೊಡುತ್ತಿದ್ದರು. 2017ರಿಂದ ಕೈಬಿಟ್ಟರು. ಬಿಡಬಾರದಿತ್ತು ಅನ್ನುವುದು ನನ್ನ ಅಭಿಪ್ರಾಯ. ನಮ್ಮ ರಾಜ್ಯ ಅದನ್ನು ಮತ್ತೆ ಎತ್ತಿಕೊಳ್ಳಲಿ.

ಇನ್ನೊಂದು ಮಾತು. ನೀವು ರಾಯಚೂರು ಜಿಲ್ಲೆಯವರು. ಮಗಳು ಅರ್ಜಿ ಹಾಕುವಾಗ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371 ಜೆ ವಿಧಿಯಡಿ ಇರುವ ಮೀಸಲಾತಿ ಕೇಳಿದ್ದಾಳಾ ನೋಡಿ. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸ್ಥಳೀಯರಿಗೆ 70 ಪರ್ಸೆಂಟ್, ರಾಜ್ಯದ ಉಳಿದ ಕಡೆ 8 ಪರ್ಸೆಂಟ್ ಸೀಟು ಇದೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಕೋಟಾ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಆ ಕೋಟಾ ಕೂಡ ಇದೆ. ಸಾಮಾನ್ಯ ಪಟ್ಟಿಯ ರ‍್ಯಾಂಕ್ ನೋಡಿ ಸೀಟೇ ಸಿಗಲ್ಲ ಅಂತ ತೀರ್ಮಾನ ಮಾಡಬೇಡಿ.

ಪ್ರಶ್ನೆ: ನಾನೂ ನಿಮ್ಮ ಹಾಗೆ ಪಿಯು ಉಪನ್ಯಾಸಕ. ಕೆಲವು ಕಾಲೇಜುಗಳು ಪ್ರಾಯೋಗಿಕ ಪರೀಕ್ಷೆಯಲ್ಲಿ ಎಲ್ಲರಿಗೂ 30ಕ್ಕೆ 30 ಹಂಚುತ್ತವೆ. ಇಂಥ ಅಂಕ ನಂಬುವ ಬದಲು ಪಿಯು ಅಂಕ ಬಿಟ್ಟು ಸಿಇಟಿ ಒಂದರ ಮೇಲೆ ಸೀಟು ಕೊಟ್ಟರೆ ಸರಳ ಅಲ್ವಾ ಸರ್?
– ಹೊಸದುರ್ಗದ ಒಬ್ಬ ಓದುಗರು

ಉತ್ತರ: ಸರಳ ಆಗುತ್ತದೆ ಸರ್, ಒಪ್ಪುತ್ತೇನೆ. ಆದರೆ ಆಮೇಲೆ ನಿಮ್ಮ ಕ್ಲಾಸಿನಲ್ಲಿ ಯಾರು ಕೂರುತ್ತಾರೆ?

ಉತ್ತರ ನಮ್ಮ ಕಣ್ಣೆದುರೇ ಇದೆ. ವೈದ್ಯಕೀಯ ಸೀಟಿಗೆ ಪಿಯು ಅಂಕ ಲೆಕ್ಕಕ್ಕಿಲ್ಲ. ಪಿಸಿಬಿಯಲ್ಲಿ, ಅಂದರೆ ಭೌತ, ರಸಾಯನ, ಜೀವಶಾಸ್ತ್ರದಲ್ಲಿ, ಸಾಮಾನ್ಯ ವರ್ಗದವರಿಗೆ 50, ಮೀಸಲು ವರ್ಗದವರಿಗೆ 40 ಪರ್ಸೆಂಟ್ ಇದ್ದರೆ ಸಾಕು, ಮಿಕ್ಕಿದ್ದೆಲ್ಲ ನೀಟ್. ಒಂದೇ ಕೊಠಡಿಯಲ್ಲಿ ಡಾಕ್ಟರ್ ಆಗಬೇಕೆನ್ನುವವರಿಗೂ ಎಂಜಿನಿಯರ್ ಆಗಬೇಕೆನ್ನುವವರಿಗೂ ನಾನು ಪಾಠ ಮಾಡಿದ್ದೇನೆ. ದಸರಾ ರಜೆ ಮುಗಿಯುವ ಹೊತ್ತಿಗೆ ಮೊದಲ ಗುಂಪಿನ ಬೆಂಚುಗಳು ಖಾಲಿಯಾಗುತ್ತಿದ್ದವು. ಎರಡನೇ ಗುಂಪು ಲ್ಯಾಬಿಗೂ ಬರುತ್ತಿತ್ತು, ಡೆರಿವೇಷನ್ ಬರೆದು ತೋರಿಸಿ 'ಸರಿ ಇದೆಯಾ ಸರ್' ಅಂತ ಕೇಳುತ್ತಿತ್ತು. ಅವರು ಹೆಚ್ಚು ಒಳ್ಳೆಯ ಮಕ್ಕಳು ಅಂತಲ್ಲ. ಅವರ ಪಾಲಿಗೆ ಕ್ಲಾಸಿಗೆ ಬೆಲೆ ಇತ್ತು, ಅಷ್ಟೇ.

ಕೋಚಿಂಗ್‌ಗೆ ದುಡ್ಡಿದ್ದವರ ಮಕ್ಕಳು ಕ್ಲಾಸ್ ಬಿಟ್ಟರೆ ಅವರಿಗೆ ಹೋಗಲು ಇನ್ನೊಂದು ಜಾಗ ಇರುತ್ತದೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿಗೆ ಬಸ್ ಪಾಸ್ ಹಿಡಿದು ಬರುವ ಹುಡುಗಿಗೆ ನಿಮ್ಮ ಕ್ಲಾಸ್ ಒಂದೇ. ಅದೂ ಸೊರಗಿದರೆ ಅವಳ ಕೈಯಲ್ಲಿ ಏನು ಉಳಿಯುತ್ತದೆ? ಅದಕ್ಕೇ ಪಿಯು ಅಂಕದ ಆ ಅರ್ಧ ಪಾಲನ್ನು ನಾನು ಬಿಟ್ಟುಕೊಡಲು ತಯಾರಿಲ್ಲ.

ಒಂದೇ ಪರೀಕ್ಷೆಯ ಮೇಲೆ ಎಲ್ಲ ಭಾರ ಹೇರಿದರೆ ಏನಾಗುತ್ತದೆ ಅನ್ನುವುದನ್ನು 2024 ತೋರಿಸಿತು. ಏಪ್ರಿಲ್‌ನ ಸಿಇಟಿಯಲ್ಲಿ ಪಠ್ಯದಲ್ಲಿ ಇಲ್ಲದ ಪ್ರಶ್ನೆಗಳು ಬಂದವು. ಗಲಾಟೆಯಾಗಿ ಕೊನೆಗೆ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟರು. ಅದೇ ವರ್ಷ ನೀಟ್‌ನಲ್ಲಿ ಮೊದಲು 67 ಮಂದಿಗೆ 720ಕ್ಕೆ 720 ಬಂತು. ಗ್ರೇಸ್ ಅಂಕ ಪಡೆದಿದ್ದ 1,563 ಮಂದಿಗೆ ಮರುಪರೀಕ್ಷೆ ಬರೆಯುವ ಅವಕಾಶ ಕೊಟ್ಟರು. ಪೇಪರ್ ಸೋರಿಕೆ ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. ಪರೀಕ್ಷೆ ರದ್ದು ಮಾಡಲು ಕೋರ್ಟ್ ಒಪ್ಪಲಿಲ್ಲ. ಪರಿಷ್ಕೃತ ಪಟ್ಟಿಯಲ್ಲಿ ಪೂರ್ತಿ ಅಂಕದವರು 17ಕ್ಕೆ ಇಳಿದರು. ಒಂದು ಮಧ್ಯಾಹ್ನದಲ್ಲಿ ಎಡವಟ್ಟಾದರೆ ಹಿಡಿದುಕೊಳ್ಳಲು ಇನ್ನೊಂದು ಆಸರೆ ಇರಬೇಕು. ಎಂಜಿನಿಯರಿಂಗ್ ಮಕ್ಕಳಿಗೆ ಅದು ಇದೆ, ಪಿಯು ಅಂಕದ ರೂಪದಲ್ಲಿ.

ನಿಮ್ಮ ದೂರು ನ್ಯಾಯವಾದದ್ದೇ. 30ಕ್ಕೆ 30 ಹಂಚುವುದು ಕಲಿತ ಮಗುವಿಗೆ ಮಾಡುವ ಅನ್ಯಾಯ. ಹಾಗಂತ ಲ್ಯಾಬನ್ನೇ ಲೆಕ್ಕದಿಂದ ತೆಗೆದರೆ ವರ್ನಿಯರ್ ಕ್ಯಾಲಿಪರ್ಸ್ ಮುಟ್ಟದೆ ಮಕ್ಕಳು ಎಂಜಿನಿಯರಿಂಗ್‌ಗೆ ಹೋಗುತ್ತಾರೆ. ರ‍್ಯಾಂಕ್‌ಗೆ ಬರೀ 70ರ ಲಿಖಿತ ಪರೀಕ್ಷೆಯ ಅಂಕ ಹಿಡಿಯಲಿ, ಲ್ಯಾಬಿನಲ್ಲಿ ಪಾಸಾಗುವುದನ್ನು ಕಡ್ಡಾಯ ಮಾಡಲಿ, ಬೇರೆ ತಾಲ್ಲೂಕಿನ ಉಪನ್ಯಾಸಕರು ಬಂದು ಪರೀಕ್ಷಿಸಲಿ. ಆಗ ಅಂಕ ಹಂಚಿ ಯಾರಿಗೂ ಲಾಭ ಇರುವುದಿಲ್ಲ.

ಯಾವ ನಿಯಮ ಮಾಡಿದರೂ ವರ್ಷದ ಮೊದಲೇ ಹೇಳಬೇಕು, ಇದು ನನ್ನ ಗಟ್ಟಿ ಬೇಡಿಕೆ. 2021ರಲ್ಲಿ ಕೋವಿಡ್‌ನಿಂದ ಪಿಯು ಪರೀಕ್ಷೆ ರದ್ದಾಯಿತು, ಆ ವರ್ಷ ಸಿಇಟಿ ಅಂಕ ಒಂದೇ ಹಿಡಿದರು. ಅದು ಅರ್ಥವಾಗುವಂಥದ್ದು. ಆದರೆ ಅದೇ ಬ್ಯಾಚಿನ ಮಕ್ಕಳು 2022ರಲ್ಲಿ ಮತ್ತೆ ಸಿಇಟಿ ಬರೆದಾಗ ಅವರ ಪಿಯು ಅಂಕ ಪರಿಗಣಿಸಲಿಲ್ಲ. ಸಾವಿರಾರು ಮಕ್ಕಳ ರ‍್ಯಾಂಕ್ ಕುಸಿಯಿತು. ಹೈಕೋರ್ಟ್‌ವರೆಗೆ ಹೋಗಿ, ಅವರ ಪಿಯು ಅಂಕದಲ್ಲಿ ಸ್ವಲ್ಪ ಕಡಿತ ಮಾಡಿ ಹೊಸ ಪಟ್ಟಿ ಬಿಡುವ ಹೊತ್ತಿಗೆ ಪ್ರವೇಶವೇ ತಡವಾಗಿತ್ತು. ಮಕ್ಕಳ ಆ ತಿಂಗಳುಗಳನ್ನು ಯಾರೂ ವಾಪಸ್ ಕೊಡುವುದಿಲ್ಲ.

ಪ್ರಶ್ನೆ: ಈ ಸಿಇಟಿ ಅನ್ನುವುದು ಯಾಕೆ ಬಂತು? ಮೊದಲಿನ ಹಾಗೆ ಕಾಲೇಜುಗಳೇ ಸೀಟು ಕೊಟ್ಟರೆ ಆಗದಾ?
– ಪ್ರಥಮ ಪಿಯು ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ಆಗದು ಮಗು. ನಿನ್ನ ಅಪ್ಪ ಅಮ್ಮನ ಕಾಲದಲ್ಲಿ ಖಾಸಗಿ ಕಾಲೇಜಿನ ಸೀಟು ಅಂದರೆ ಡೊನೇಷನ್. 1984ರಲ್ಲೇ ಕರ್ನಾಟಕ ಈ ಡೊನೇಷನ್, ಅಂದರೆ ಕ್ಯಾಪಿಟೇಷನ್ ಶುಲ್ಕ ನಿಷೇಧಿಸುವ ಕಾನೂನು ಮಾಡಿತು, ಆದರೂ ವಸೂಲಿ ನಿಲ್ಲಲಿಲ್ಲ. ಮೀರತ್‌ನ ಮೋಹಿನಿ ಜೈನ್ ಅನ್ನುವ ವಿದ್ಯಾರ್ಥಿನಿ ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಕಾಲೇಜು ಸೇರಲು ಬಂದರು. ಸರ್ಕಾರಿ ಸೀಟಿಗೆ ವರ್ಷಕ್ಕೆ 2 ಸಾವಿರ ಇದ್ದ ಶುಲ್ಕ ಹೊರರಾಜ್ಯದವರಿಗೆ 60 ಸಾವಿರ ಇತ್ತು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಕ್ಯಾಪಿಟೇಷನ್ ಶುಲ್ಕ ಕಾನೂನಿಗೆ ವಿರುದ್ಧ ಅಂತ 1992ರಲ್ಲಿ ತೀರ್ಪು ಬಂತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಖಾಸಗಿ ವೃತ್ತಿಪರ ಕಾಲೇಜುಗಳ ಅರ್ಧ ಸೀಟು ಮೆರಿಟ್‌ನವರಿಗೆ ಸರ್ಕಾರಿ ಶುಲ್ಕದಲ್ಲೇ ಸಿಗಬೇಕು ಅಂತ ಕೋರ್ಟ್ ಹೇಳಿತು. 1994ರಲ್ಲಿ ಬೆಂಗಳೂರಿನಲ್ಲಿ ಸಿಇಟಿ ಸೆಲ್ ಶುರುವಾಯಿತು. ಈಗ ಸಿಇಟಿ ನಡೆಸುವ ಕೆಇಎ ಬಂದದ್ದು ಅದರಿಂದಲೇ.

ಆಗ ಕೌನ್ಸೆಲಿಂಗ್‌ಗೆ ಮಲ್ಲೇಶ್ವರಕ್ಕೇ ಹೋಗಬೇಕಿತ್ತು. ನನ್ನ ವಿದ್ಯಾರ್ಥಿಗಳ ಜತೆ ಹೋಗಿ ನಿಂತಿದ್ದೇನೆ. ಬೀಡಿ ಕಟ್ಟುವ ತಾಯಿಯ ಮಗ ರ‍್ಯಾಂಕ್ ಚೀಟಿ ಹಿಡಿದು ಒಳಗೆ ಹೋದ, ಯಾರ ಶಿಫಾರಸು ಇಲ್ಲದೆ ಎಲೆಕ್ಟ್ರಾನಿಕ್ಸ್ ಸೀಟು ಹಿಡಿದುಕೊಂಡು ಹೊರಗೆ ಬಂದ. ಸಿಇಟಿಯಲ್ಲಿ ನೂರು ಕೊರತೆ ಇದ್ದರೂ ಅದನ್ನು ಉಳಿಸಿಕೊಳ್ಳಬೇಕು ಅಂತ ನಾನು ಹೇಳುವುದು ಇದಕ್ಕೇ. ಮುಂದೆ 2002ರಲ್ಲಿ ಸುಪ್ರೀಂ ಕೋರ್ಟಿನ ಟಿಎಂಎ ಪೈ ತೀರ್ಪು ಬಂದು ಖಾಸಗಿ ಕಾಲೇಜುಗಳ ಕೈ ಮತ್ತೆ ಸಡಿಲವಾಯಿತು, ಅವುಗಳದೇ ಪ್ರವೇಶ ಪರೀಕ್ಷೆ ಕಾಮೆಡ್‌ಕೆ ಬಂತು. ಆ ಕತೆ ಇನ್ನೊಂದು ಸಲ ಹೇಳುತ್ತೇನೆ.

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದೇನೆ. ನೀಟ್ ಕನ್ನಡದಲ್ಲಿ ಬರೆಯಲಾ, ಇಂಗ್ಲಿಷ್‌ನಲ್ಲಾ?
– ದ್ವಿತೀಯ ಪಿಯು ವಿದ್ಯಾರ್ಥಿನಿ, ಶಿರಸಿ

ಉತ್ತರ: ಮಗಳೇ, 2017ರಿಂದ ನೀಟ್ ಕನ್ನಡದಲ್ಲೂ ಇದೆ. ಕನ್ನಡ ಆಯ್ಕೆ ಮಾಡಿದರೆ ಸಿಗುವ ಪ್ರಶ್ನೆಪತ್ರಿಕೆಯಲ್ಲಿ ಇಂಗ್ಲಿಷ್ ಕೂಡ ಇರುತ್ತದೆ. ಆದರೆ ಪರೀಕ್ಷಾ ಕೇಂದ್ರ ಕರ್ನಾಟಕದಲ್ಲೇ ಇರಬೇಕು. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಎರಡು ವರ್ಷದಿಂದ ನೀನು ಪಾಠ ಕೇಳುತ್ತಿರುವುದು ಇಂಗ್ಲಿಷ್‌ನಲ್ಲಿ, ಪುಸ್ತಕವೂ ಇಂಗ್ಲಿಷ್‌ನದು. ಹಾಗಾಗಿ ಪಾರಿಭಾಷಿಕ ಪದಗಳು ಇಂಗ್ಲಿಷ್‌ನಲ್ಲೇ ಬೇಗ ಹೊಳೆಯಬಹುದು. ಉದ್ದದ ಜೀವಶಾಸ್ತ್ರ ಪ್ರಶ್ನೆಗಳು ಕನ್ನಡದಲ್ಲಿ ಬೇಗ ಅರ್ಥವಾಗಬಹುದು. ಹಳೆಯ ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿ ಗಡಿಯಾರ ಇಟ್ಟುಕೊಂಡು ಬಿಡಿಸಿ ನೋಡು. ಯಾವುದರಲ್ಲಿ ಕೈ ಓಡುತ್ತದೋ ಅದನ್ನು ಆರಿಸು.

ನಮ್ಮ ಸರ್ಕಾರಕ್ಕೆ ಒಂದು ಮಾತು: ಪಿಯು ವಿಜ್ಞಾನಕ್ಕೆ ಒಳ್ಳೆಯ ಕನ್ನಡ ಪುಸ್ತಕ, ಕನ್ನಡದಲ್ಲಿ ಪಾಠ ಮಾಡುವವರು ಇಲ್ಲದಿದ್ದರೆ ಪ್ರಶ್ನೆಪತ್ರಿಕೆ ಮಾತ್ರ ಕನ್ನಡದಲ್ಲಿ ಕೊಟ್ಟು ಏನು ಪ್ರಯೋಜನ?

ಪ್ರಶ್ನೆ: ಮಗ ನೀಟ್ ಎರಡು ಸಲ ಬರೆದ, ಸೀಟು ಸಿಗಲಿಲ್ಲ. ಮತ್ತೆ ಲಾಂಗ್ ಟರ್ಮ್ ಕೋಚಿಂಗ್ ಸೇರಿಸು ಅಂತಾನೆ. ಎರಡು ಎಕರೆ ಜಮೀನು ಅಡ ಇಡಬೇಕು. ಏನು ಮಾಡಲಿ?
– ರೈತ, ಹಿರೇಕೆರೂರು

ಉತ್ತರ: ಅಣ್ಣಾ, ಜಮೀನು ಅಡ ಇಡಬೇಡಿ. 2024ರಲ್ಲಿ ದೇಶದಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟು ಇದ್ದದ್ದು ಒಂದು ಲಕ್ಷದ ಚಿಲ್ಲರೆ. ಸರ್ಕಾರಿ ಕಾಲೇಜಿನ ಶುಲ್ಕದಲ್ಲಿ ಸಿಗುವ ಸೀಟು ಅದಕ್ಕಿಂತ ಕಡಿಮೆ. ನಿಮ್ಮ ಮಗ ದಡ್ಡ ಅಲ್ಲ, ಸೀಟು ಕಡಿಮೆ. ಈ ಮಾತನ್ನು ಅವನಿಗೆ ನೀವೇ ಹೇಳಿ, ಅಪ್ಪನ ಬಾಯಿಂದ ಬರಲಿ.

ಎರಡು ಸಲದ ಅಂಕ ಪಕ್ಕಪಕ್ಕ ಇಟ್ಟು ನೋಡಿ. ಎರಡನೇ ಸಲ ನೂರಕ್ಕಿಂತ ಹೆಚ್ಚು ಅಂಕ ಏರಿದ್ದು, ನಿಮ್ಮ ವರ್ಗದ ಕಳೆದ ವರ್ಷದ ಕಟ್‌ಆಫ್‌ಗೆ ಹತ್ತಿರ ಇದ್ದರೆ ಮನೆಯಲ್ಲೇ ಓದಿ ಇನ್ನೊಮ್ಮೆ ಬರೆಯಲಿ. ಏರದೇ ಇದ್ದರೆ ದಾರಿ ಬದಲಿಸಲಿ. ಬಿಎಸ್ಸಿ ನರ್ಸಿಂಗ್, ಬಿ ಫಾರ್ಮಾ, ಬಿಎಸ್ಸಿ ಕೃಷಿ ಎಲ್ಲಕ್ಕೂ ಸಿಇಟಿ ಮೂಲಕ ಸೀಟು ಇದೆ. ಕೃಷಿಯಲ್ಲಿ ರೈತರ ಮಕ್ಕಳಿಗೇ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ನಡೆಯುತ್ತದೆ. ಹೊಲದಲ್ಲಿ ಕೆಲಸ ಮಾಡಿ ಗೊತ್ತಿರುವ ಹುಡುಗನಿಗೆ ಅದು ಕಷ್ಟವಲ್ಲ.

2024ರ ಜುಲೈನಲ್ಲಿ ನಮ್ಮ ವಿಧಾನಸಭೆ ನೀಟ್ ಬೇಡ ಅಂತ ನಿರ್ಣಯ ಮಾಡಿದೆ. ಅದನ್ನು ನಂಬಿಕೊಂಡು ಕಾಯಬೇಡಿ. ನಿರ್ಣಯದಿಂದ ನೀಟ್ ಹೋಗುವುದಿಲ್ಲ, ಕೇಂದ್ರದ ಕಾನೂನು ಬದಲಾಗಬೇಕು.

ಪ್ರಶ್ನೆ: ಆಪ್ಷನ್ ಎಂಟ್ರಿಯಲ್ಲಿ (ಬೇಕಾದ ಕಾಲೇಜುಗಳನ್ನು ಸಾಲಾಗಿ ತುಂಬುವ ಪಟ್ಟಿಯಲ್ಲಿ) ನನ್ನ ರ‍್ಯಾಂಕಿಗೆ ಸಿಗುವ ಕಾಲೇಜನ್ನೇ ಮೊದಲು ಹಾಕಬೇಕಾ?
– ವಿದ್ಯಾರ್ಥಿ, ಕಡೂರು

ಉತ್ತರ: ಬೇಡ. ನಿನಗೆ ಯಾವುದು ಹೆಚ್ಚು ಇಷ್ಟವೋ ಅದೇ ಮೊದಲು. ಕಂಪ್ಯೂಟರ್ ಮೇಲಿನಿಂದ ನೋಡುತ್ತಾ ಬರುತ್ತದೆ, ಸಿಗದಿದ್ದರೆ ಕೆಳಗಿನದಕ್ಕೆ ಹೋಗುತ್ತದೆ. ದೊಡ್ಡ ಆಸೆ ಮೊದಲು ಬರೆದಿದ್ದಕ್ಕೆ ಕೆಳಗಿನ ಸೀಟು ತಪ್ಪುವುದಿಲ್ಲ. ನಿಜವಾದ ಹಂಚಿಕೆಗೆ ಮೊದಲು ಬಿಡುವ ಅಣಕು ಹಂಚಿಕೆ ಬಂದ ಮೇಲೆ ಪಟ್ಟಿ ತಿದ್ದಲು ಅವಕಾಶ ಇರುತ್ತದೆ, ಆಗ ಇನ್ನಷ್ಟು ಕಾಲೇಜು ಸೇರಿಸು. ಪಾಸ್‌ವರ್ಡ್ ಮಾತ್ರ ಸೈಬರ್ ಸೆಂಟರ್‌ನವರಿಗೂ ಕೊಡಬೇಡ, ಏಜೆಂಟರಿಗೂ ಕೊಡಬೇಡ.